ಅಳೆದವನ ದೂರ

2025ರ ಮಾರ್ಚ್ 4, ಮಂಗಳವಾರ, ಸಂಜೆ ಏಳು ಗಂಟೆ ಎರಡು ನಿಮಿಷಕ್ಕೆ ಅಕ್ಕ ಊಟದ ಮೇಜಿನ ಮೇಲೆ ಎಡಗೈ ಚಾಚಿ ಕೂತಳು. ತಮ್ಮ ಬಿಪಿ ಮಷೀನಿನ ಪಟ್ಟಿಯನ್ನು ಅವಳ ಮೊಣಕೈಗಿಂತ ಎರಡು ಬೆರಳು ಮೇಲೆ ಸುತ್ತಿದ. ಎರಡು ಬೆರಳು ಅನ್ನುವ ಅಳತೆಯನ್ನು ಅವನು ನಂಬುವವನಲ್ಲ. ಸ್ಕೇಲು ಹಿಡಿದು ಇಪ್ಪತ್ತೈದು ಮಿಲಿಮೀಟರ್ ಇದೆಯೆಂದು ಖಾತರಿ ಮಾಡಿಕೊಂಡ. ತೋಳು ಎದೆಯ ಮಟ್ಟಕ್ಕೆ ಬರಲೆಂದು ಅದರಡಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಪಾದ ನೆಲಕ್ಕೆ, ಬೆನ್ನು ಕುರ್ಚಿಗೆ, ಕಾಲ ಮೇಲೆ ಕಾಲಿಲ್ಲ.

"ಇನ್ನು ಬಾಯಿ ತೆಗೀಬೇಡ ಅಕ್ಕ. ಅಳೆಯುವಾಗ ಮಾತಾಡಬಾರದು ಅಂತ ಮಷೀನಿನ ಪುಸ್ತಕದಲ್ಲೇ ಇದೆ. ಕೆಂಪು ಗೆರೆ ಎಳೆದಿಟ್ಟಿದ್ದೀನಿ."

ಅಕ್ಕ ಬಾಯಿ ಮುಚ್ಚಿದಳು. ಅವನು ತೆರೆದ.

"ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಹತ್ತು ನಿಮಿಷ ಉಸಿರಾಡಿದೆಯಂತೆ. ಸಂತೋಷ. ಮಿಕ್ಕ ಇಪ್ಪತ್ತಮೂರು ಗಂಟೆ ಐವತ್ತು ನಿಮಿಷ ಏನು ಮಾಡ್ತಿದ್ದೆ, ಉಸಿರು ಬಿಗಿಹಿಡಿದು ಕೂತಿದ್ದೆಯಾ? ಮತ್ತೆ ಆ ಎಂಟು ಲೋಟ ನೀರು. ಯಾವ ಲೋಟ? ನಮ್ಮನೇಲೇ ಮೂರು ತರದ್ದಿದೆ. ನೂರ ಎಂಬತ್ತು ಮಿಲಿಲೀಟರಿನದ್ದು, ಇನ್ನೂರ ಹತ್ತರದ್ದು, ಮುನ್ನೂರರದ್ದು. ಡಾಕ್ಟರಮ್ಮ ಕೊಟ್ಟ ಆ ಸಲಹೆಗಳ ಪಟ್ಟಿ ಬರೆದವರಿಗೆ ಲೋಟ ಅಂದ್ರೆ ಏನು ಅಂತ ಒಬ್ಬರಾದರೂ ಕೇಳಿದ್ರಾ?"

ತೋಳಿನ ಪಟ್ಟಿ ಉಬ್ಬಿತು, ಬಿಗಿಯಿತು, ನಿಧಾನವಾಗಿ ಇಳಿಯಿತು. ಅಕ್ಕನ ತುಟಿಯೊಳಗೆ ಏನೋ ಒಂದು ಉತ್ತರ ಬಂದು ನಿಂತಿತ್ತು, ಹೇಳುವ ಹಾಗಿರಲಿಲ್ಲ. ಮಷೀನು ಪೀಪೀ ಎಂದಿತು. 152, ಕೆಳಗಡೆ 94.

"ನೋಡಿದ್ಯಾ?" ಎಂದ ತಮ್ಮ. ಗೆದ್ದವನ ದನಿ ಅದು. ಏನು ಗೆದ್ದೆ ಅಂತ ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದ.

ತೂಕ ಮತ್ತು ಅಳತೆಯ ಪ್ರಯೋಗಾಲಯದಲ್ಲಿ ಅವನದು ಇಪ್ಪತ್ತಾರು ವರ್ಷದ ಸರ್ವಿಸು. ಔಷಧ ಕಾರ್ಖಾನೆಯ ತೂಕದ ಕಲ್ಲುಗಳು, ಆಸ್ಪತ್ರೆಯ ಒತ್ತಡದ ಮಾಪಕಗಳು, ಅಂಗಡಿಯ ತಕ್ಕಡಿಗಳು ಅಲ್ಲಿಗೆ ಬರುತ್ತವೆ. ಯಾವುದು ಎಷ್ಟು ಸುಳ್ಳು ಹೇಳುತ್ತಿದೆ ಅಂತ ಪತ್ತೆ ಹಚ್ಚಿ ಪ್ರಮಾಣಪತ್ರ ಬರೆಯುವುದು ಕೆಲಸ. ತೊಂಬತ್ತೆಂಟು ಕಿಲೋ ತೂಗುವ ಈ ಮನುಷ್ಯನಿಗೆ ಸಹೋದ್ಯೋಗಿಗಳು ಮಿಲಿಗ್ರಾಂ ಅಂತ ಹೆಸರಿಟ್ಟಿದ್ದರು. ಎದುರಿಗೆ ಸರ್ ಅನ್ನುತ್ತಿದ್ದರು, ಬೆನ್ನ ಹಿಂದೆ ಮಿಲಿಗ್ರಾಂ. ಅವನಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಭಾವ ತೀರಿಕೊಂಡ ಮೇಲೆ, ಒಂಬತ್ತು ವರ್ಷದಿಂದ, ಅಕ್ಕ ತಮ್ಮ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು. ಅವನಿಗೆ ಮದುವೆಯಾಗಿರಲಿಲ್ಲ. ಯಾರೂ ಒಪ್ಪಲಿಲ್ಲ ಅಂತ ಅಕ್ಕ, ಯಾರೂ ನಿಖರವಾಗಿರಲಿಲ್ಲ ಅಂತ ಅವನು.

ಅಕ್ಕ ಅವನಿಗಿಂತ ಐದು ವರ್ಷಕ್ಕೆ ದೊಡ್ಡವಳು, ಐವತ್ತನಾಲ್ಕು. ಬಂದರಿನ ಕಂಟೇನರ್ ಅಂಗಳದಲ್ಲಿ ದೊಡ್ಡ ಕ್ರೇನು ನಡೆಸುತ್ತಿದ್ದಳು. ನೆಲದಿಂದ ನಲವತ್ತೊಂದು ಮೀಟರ್ ಮೇಲೆ ಗಾಜಿನ ಕ್ಯಾಬಿನ್ನು. ಪಾದದ ಕೆಳಗೂ ಗಾಜು. ಇಪ್ಪತ್ತೆರಡು ವರ್ಷ ಆ ಗಾಜಿನ ಮೇಲೆ ಕೂತು ಕೆಳಗಿನ ಪ್ರಪಂಚವನ್ನು ಬೆರಳಷ್ಟಾಗಿ ನೋಡಿದ್ದಳು. ಮೇಲೆ ಬರುವ ಮಾತು ಮೂರೇ, ಅದೂ ವೈರ್‌ಲೆಸ್ಸಿನಲ್ಲಿ: ಎತ್ತು, ನಿಲ್ಲು, ಇಳಿಸು. ಈ ಮೂರು ಸಾಕು, ಮಿಕ್ಕಿದ್ದೆಲ್ಲ ಜನ ಸುಮ್ಮನೆ ಆಡೋದು ಅನ್ನುವುದು ಅವಳ ಅಭಿಪ್ರಾಯ.

ಫೆಬ್ರವರಿ ಕೊನೆಯ ಶುಕ್ರವಾರ ಅಂಗಳದ ಡಾಕ್ಟರಮ್ಮ ವರ್ಷದ ತಪಾಸಣೆ ಮಾಡಿದಾಗ ಅವಳ ಒತ್ತಡ 158 ಬಂತು. ಮಿಲಿಗ್ರಾಂ ಅಂದು ರಜೆ ಹಾಕಿ ಜೊತೆಗೆ ಹೋಗಿದ್ದ. ನರ್ಸು ಪಟ್ಟಿ ಬಿಗಿಯುತ್ತಿದ್ದಾಗಲೇ ಆ ಮಾಪಕದ ಮೇಲಿನ ಚೀಟಿಯಲ್ಲಿ ತಪಾಸಣೆಯ ತಾರೀಕು ಮೀರಿ ಹತ್ತೊಂಬತ್ತು ದಿನವಾಗಿರುವುದನ್ನು ತೋರಿಸಿ, ಪಟ್ಟಿಯ ಅಗಲ ಅಕ್ಕನ ತೋಳಿಗೆ ಸಾಲದು ಅಂತ ಡಾಕ್ಟರಮ್ಮನ ಜೊತೆ ವಾದಕ್ಕಿಳಿದಿದ್ದ. ಡಾಕ್ಟರಮ್ಮ ಕೊನೆಗೆ ಪೆನ್ನು ಕೆಳಗಿಟ್ಟರು.

"ನಿಮಗೆ ನಮ್ಮ ಮಷೀನು ಬೇಡ ಅಲ್ವಾ? ಸರಿ, ಮನೇಲಿ ನೀವೇ ಅಳೀರಿ. ಹದಿನಾಲ್ಕು ದಿನ, ದಿನಾ ಸಂಜೆ ಒಂದೇ ಹೊತ್ತಿಗೆ. ಸರಾಸರಿ ನೂರ ನಲವತ್ತರ ಒಳಗಿದ್ರೆ ಇವರು ಮೇಲೆ ಹತ್ತಲಿ. ಮೀರಿದ್ರೆ ಇಲ್ಲ. ಅಲ್ಲಿವರೆಗೂ ಗೇಟಿನಲ್ಲಿ ಕೂತಿರಲಿ. ಈ ಪಟ್ಟಿಯಲ್ಲಿರೋ ಸಣ್ಣ ಪುಟ್ಟ ಬದಲಾವಣೆಗಳನ್ನ ಮಾಡ್ಕೊಳ್ಳಿ."

"ಮೀರಿದ್ರೆ ಎಷ್ಟು ದಿನ ಗೇಟು?" ಎಂದಿದ್ದಳು ಅಕ್ಕ.

"ಈ ವಯಸ್ಸಲ್ಲಿ ಒಂದು ಸಲ ಕೆಳಗಿಳಿಸಿದ್ರೆ ಕಂಪನಿಯವರು ಮತ್ತೆ ಹತ್ತಿಸಲ್ಲಮ್ಮ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಗೇಟಿನ ಗೂಡಿನಲ್ಲಿ ಕೂತು ಲಾರಿ ನಂಬರು ಬರೆದುಕೊಳ್ಳುತ್ತಿದ್ದ ಇಬ್ಬರೂ ಒಂದು ಕಾಲದಲ್ಲಿ ಮೇಲಿದ್ದವರೇ. ಈಗ ಅವರು ಆಕಾಶ ನೋಡುವುದನ್ನೇ ಬಿಟ್ಟಿದ್ದರು.

ಪಟ್ಟಿಯ ತಲೆಬರಹ 'ಸಣ್ಣ ಬದಲಾವಣೆ, ದೊಡ್ಡ ನೆಮ್ಮದಿ'. ಕೆಳಗೆ ಒಂದು ನಗುವ ಸೂರ್ಯ. ಉಪ್ಪು ಕಡಿಮೆ ಮಾಡಿ. ಎಂಟು ಲೋಟ ನೀರು ಕುಡಿಯಿರಿ. ಇಪ್ಪತ್ತು ನಿಮಿಷ ನಡೆಯಿರಿ. ನಿಧಾನವಾಗಿ ಉಸಿರಾಡಿ. ಬೇಗ ಮಲಗಿ. ದಿನಾ ಮೂರು ಒಳ್ಳೆಯ ಸಂಗತಿ ಬರೆದಿಡಿ. ಮಿಲಿಗ್ರಾಂ ಅದನ್ನು ಇಕ್ಕಳದಲ್ಲಿ ಹಿಡಿಯುವಂತೆ ಎರಡು ಬೆರಳಲ್ಲಿ ಹಿಡಿದಿದ್ದ. ಅವನಿಗೆ ಈ ಸೂರ್ಯನ ಪರಿಚಯ ಮೊದಲೇ ಇತ್ತು. ಅವನ ಪ್ರಯೋಗಾಲಯದಲ್ಲೂ ಆಗ ಕ್ಷೇಮ ಮಾಸ ನಡೆಯುತ್ತಿತ್ತು. ಹೊಸದಾಗಿ ಬಂದಿದ್ದ ಕ್ಷೇಮಾಧಿಕಾರಿಣಿ ಸದಾ ಹಲ್ಲು ಕಾಣುವಂತೆ ಇರುತ್ತಿದ್ದುದರಿಂದ ಅವರಿಗೆ ಮುಗುಳ್ನಗೆ ಮೇಡಂ ಅಂತ ಹೆಸರು ಬಿದ್ದಿತ್ತು. 'ಮೆಟ್ಟಿಲೇ ಮದ್ದು' ಅಂತ ಬರೆಸಿ ಅವರು ಲಿಫ್ಟು ನಿಲ್ಲಿಸಿದ ಎರಡನೇ ದಿನವೇ, ಇಪ್ಪತ್ತು ಕಿಲೋದ ಪರೀಕ್ಷೆಯ ಕಲ್ಲುಗಳನ್ನು ನಾಲ್ಕನೇ ಮಹಡಿಗೆ ಹೊತ್ತ ಉಗ್ರಾಣದವನ ಸೊಂಟ ಹಿಡಿದುಕೊಂಡಿತು. ಅವನಿಗೆ ನಾಲ್ಕು ದಿನ ರಜೆ ಕೊಟ್ಟು, ವರದಿಯಲ್ಲಿ 'ವಿಶ್ರಾಂತಿಯ ಅಭ್ಯಾಸ ಬೆಳೆಯುತ್ತಿದೆ' ಅಂತ ಬರೆದರು. ಮಿಲಿಗ್ರಾಂ ಆ ವರದಿಯ ಪ್ರತಿ ತೆಗೆದಿಟ್ಟುಕೊಂಡಿದ್ದ. ಬೇಜಾರಾದಾಗ ಓದುತ್ತಿದ್ದ.

ಅಕ್ಕ ಮಾತ್ರ ಪಟ್ಟಿಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಕ್ರೇನಿನ ಹಗ್ಗ ಪರೀಕ್ಷಿಸುವ ಪಟ್ಟಿಯನ್ನು ಅನುಸರಿಸುವಷ್ಟೇ ಶಿಸ್ತಿನಿಂದ ಅನುಸರಿಸಿದಳು, ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ. ಸೂಪಿಗೆ ಚಿಟಿಕೆ ಉಪ್ಪು ಮಾತ್ರ ಹಾಕಿದಳು. ಮಿಲಿಗ್ರಾಂ ಅವಳಿಂದ ಹತ್ತು ಸಲ ಚಿಟಿಕೆ ಹಾಕಿಸಿ ತೂಗಿದ. ಅತಿ ಕಡಿಮೆ 0.31 ಗ್ರಾಂ, ಅತಿ ಹೆಚ್ಚು 0.74.

"ಇದನ್ನ ಅಳತೆ ಅಂತಾರಾ ಅಕ್ಕ? ಒಂದೇ ಕೈ, ಒಂದೇ ಡಬ್ಬಿ, ದುಪ್ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ."

"ನೀನು ಮೂಗಿನ ಹತ್ತಿರ ಬಂದು ನೋಡ್ತಿದ್ರೆ ನನ್ನ ಕೈ ನಡುಗತ್ತೆ ಕಣೋ. ದೂರ ಹೋಗು."

ಅವನು ಆ ಮಾತನ್ನು ಬರೆದುಕೊಳ್ಳಲಿಲ್ಲ. ಅದರಲ್ಲಿ ಅಂಕಿ ಇರಲಿಲ್ಲ.

ದಿನಾ ಏಳು ಗಂಟೆ ಎರಡು ನಿಮಿಷಕ್ಕೆ ಅದೇ ಟವೆಲು, ಅದೇ ಇಪ್ಪತ್ತೈದು ಮಿಲಿಮೀಟರ್, ಅದೇ ಅಪ್ಪಣೆ. ಅಕ್ಕನ ಬಾಯಿ ಮುಚ್ಚಿದ ಕೂಡಲೇ ಅವನ ಭಾಷಣ ಶುರು. ಒಂದು ದಿನ ಇಪ್ಪತ್ತು ನಿಮಿಷದ ನಡಿಗೆಯ ಬಗ್ಗೆ: "ಬೀದಿ ಕೊನೆ ಚಪ್ಪಲಿ ಅಂಗಡಿವರೆಗೆ ಹೋಗಿ ಬಂದೆಯಂತೆ. ಅಷ್ಟು ದೂರಕ್ಕೆ ಸುಟ್ಟ ಶಕ್ತಿ ವಾಪಸ್ ಬಂದು ತಿಂದ ಬಿಸ್ಕತ್ತಿಗೂ ಸಾಲದು." ಮತ್ತೊಂದು ದಿನ ಬೇಗ ಮಲಗುವುದರ ಬಗ್ಗೆ, ಇನ್ನೊಂದು ದಿನ ಮೂರು ಒಳ್ಳೆಯ ಸಂಗತಿಗಳ ಬಗ್ಗೆ. "ನಾಲ್ಕನೇದು ಆದ್ರೆ ಏನು ಮಾಡ್ತಾರಂತೆ? ಮಾರನೇ ದಿನಕ್ಕೆ ಇಟ್ಕೋತಾರಾ?" ಅಕ್ಕ ಚಾವಣಿ ನೋಡುತ್ತ ಕೂತಿರುತ್ತಿದ್ದಳು. ಪಟ್ಟಿ ಬಿಚ್ಚುವ ಹೊತ್ತಿಗೆ ಹೇಳಬೇಕೆಂದುಕೊಂಡಿದ್ದ ಮಾತು ಹಳಸಿಹೋಗಿ, ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

152, 150, 154, 149, 153, 151, 154. ಏಳು ದಿನ. ಮಿಲಿಗ್ರಾಂ ನಕ್ಷೆ ಬರೆದು ಗೆರೆ ಎಳೆದ. ಗೆರೆ ಮಲಗಿತ್ತು. ಸಣ್ಣ ಬದಲಾವಣೆಗಳ ಪರಿಣಾಮ ಸೊನ್ನೆ ಎಂದು ಅಡಿಯಲ್ಲಿ ಬರೆದಾಗ ಅವನಿಗಾದ ಖುಷಿ ಒಂದು ನಿಮಿಷವೂ ಉಳಿಯಲಿಲ್ಲ. ಗೆರೆ ಹೀಗೇ ಮಲಗಿದ್ದರೆ ಅಕ್ಕನಿಗೆ ಗೇಟೇ ಗತಿ. ಅದು ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಅದಕ್ಕೆ ಹೊಣೆ ಪಟ್ಟಿ ಬರೆದವರು, ನಗುವ ಸೂರ್ಯನ ಚಿತ್ರ ಬಿಡಿಸಿದವರು, ಒಟ್ಟಿನಲ್ಲಿ ನಿಖರವಲ್ಲದ ಜಗತ್ತು.

ಮಾರ್ಚ್ 11ರಂದು ಪ್ರಯೋಗಾಲಯದಲ್ಲಿ ಶಿಬಿರ. ಎಲ್ಲರೂ ಹಾಜರಿರಲೇಬೇಕು. ಮುಗುಳ್ನಗೆ ಮೇಡಂ ಐವತ್ತೆರಡು ಜನ ವಿಜ್ಞಾನಿಗಳನ್ನು ನೆಲದ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ತಾವೊಂದು ಕೊಳ ಅಂದುಕೊಳ್ಳುವಂತೆ ಹೇಳಿದರು. ಎಷ್ಟು ಆಳದ ಕೊಳ ಅಂತ ಮಿಲಿಗ್ರಾಂ ಕೇಳಿದ. ಪಕ್ಕದವನು ಗೊರಕೆ ಹೊಡೆಯುತ್ತಿದ್ದ. ಅವನಿಗೆ ಕೊನೆಯಲ್ಲಿ 'ಅತ್ಯುತ್ತಮ ಏಕಾಗ್ರತೆ' ಅಂತ ಒಂದು ನೀರಿನ ಬಾಟಲಿ ಬಹುಮಾನ ಸಿಕ್ಕಿತು. ಮಿಲಿಗ್ರಾಂ ಮನೆ ಸೇರಿದಾಗ ಎಂಟು ಗಂಟೆ ಹತ್ತು ನಿಮಿಷ. ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಮೇಜಿನ ಮೇಲೆ ಟವೆಲು ಮಡಿಸಿ ಇತ್ತು, ಮಷೀನಿತ್ತು, ದಾಖಲೆಯ ಹಾಳೆಯಲ್ಲಿ ಅವಳ ದುಂಡು ಅಕ್ಷರ: 7.02. 131/82.

ಅವನು ಅದನ್ನು ಮೂರು ಸಲ ಓದಿದ. ಹಾಳೆಯ ಪಕ್ಕದಲ್ಲೇ ಅವಳ ಒಳ್ಳೆಯ ಸಂಗತಿಗಳ ನೋಟು ಪುಸ್ತಕ ತೆರೆದಿತ್ತು. ಅವನು ಅದನ್ನೂ ಓದಿದ.

'ಒಂದು. ಮಧ್ಯಾಹ್ನ ಗೇಟಿಗೆ ಸಮುದ್ರದ ಗಾಳಿ ಬಂತು. ಎರಡು. ಹಸಿರು ಲಾರಿಯವನು ನನ್ನನ್ನು ಗುರುತು ಹಿಡಿದು, ಮೇಲೆ ಯಾವಾಗ ಬರ್ತೀರಿ ಅಂತ ಕೇಳಿದ. ಮೂರು. ಏಳು ಗಂಟೆಗೆ ತಮ್ಮ ಇರಲಿಲ್ಲ.'

ಅವನ ಕಿವಿ ಬಿಸಿಯಾಯಿತು. ಮೂರನೆಯದನ್ನು ಓದಿಲ್ಲದವನ ಹಾಗೆ ದಾಖಲೆಯ ಹಾಳೆಗೇ ಮರಳಿದ.

"ಅಕ್ಕ, ಈ ನೂರ ಮೂವತ್ತೊಂದು ಎಲ್ಲಿಂದ ಬಂತು?"

"ಮಷೀನಿಂದ."

"ಏಳು ದಿನ ನೂರೈವತ್ತರ ಆಸುಪಾಸು. ನಾನಿಲ್ಲದ ದಿನ ಇಪ್ಪತ್ತು ಇಳಿಯತ್ತೆ. ಪ್ರಯೋಗಾಲಯದಲ್ಲಿ ಇಂಥ ಅಂಕಿ ಬಂದ್ರೆ ನಾವು ಮೊದಲು ಕೇಳೋದು ಯಾರು ಬರೆದದ್ದು ಅಂತ."

"ನಾನು ಬರೆದದ್ದು."

"ಅದೇ ನಾನು ಹೇಳ್ತಿರೋದು. ಮೇಲೆ ಹತ್ತೋ ಆಸೆ ಯಾರಿಗಿದೆ, ನಿನಗೆ. ಅಂಕಿ ಬರೆದವಳು ಯಾರು, ನೀನು."

ಅಕ್ಕ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಆಮೇಲೆ ತಿರುಗಿದಳು. ದನಿ ಏರಲಿಲ್ಲ.

"ಇಪ್ಪತ್ತೆರಡು ವರ್ಷ ಜನರ ತಲೆ ಮೇಲೆ ಮೂವತ್ತು ಟನ್ ತೂಗಾಡಿಸಿದ್ದೀನಿ. ಕಣ್ಣು ಮಂಜಾದ ದಿನ ನಾನೇ ಕೆಳಗಿಳಿದು ಬಂದು ಹೇಳಿದ್ದೀನಿ, ಇವತ್ತು ಆಗಲ್ಲ ಅಂತ. ಒಂದು ಅಂಕಿಗೆ ಸುಳ್ಳು ಬರೀತೀನೇನೋ ನಾನು?"

ಅವನು ಏನೋ ಹೇಳಹೊರಟ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿದು ಹಾಕಲಿಲ್ಲ. ಬಡಿದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮಾರನೇ ದಿನ ಬಿಪಿ ಮಷೀನನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಬೇರೆ ಮಾಪಕಗಳನ್ನು ಹೋಲಿಸಿ ನೋಡಲೆಂದೇ ಒತ್ತಡದ ವಿಭಾಗದಲ್ಲಿದ್ದ ಖಾತರಿ ಮಾಪಕಕ್ಕೆ ಜೋಡಿಸಿದ. ಖಾತರಿಯದ್ದು ನೂರು ಅಂದಾಗ ಇದು ನೂರು ಅಂದಿತು. ಅದು ನೂರೈವತ್ತು ಅಂದಾಗ ಇದು ನೂರೈವತ್ತೊಂದು. ತಪ್ಪು ಒಂದು, ಮಿತಿ ಮೂರು. ಮಷೀನು ಸಾಚಾ. ಸಂಜೆ ಅಕ್ಕ ಮಾತಿಲ್ಲದೆ ಬಂದು ಮಾತಿಲ್ಲದೆ ತೋಳು ಚಾಚಿದಳು.

"ಮಷೀನು ಸರಿಯಿದೆ ಅಂತ ಗೊತ್ತಾಯ್ತು. ಹಾಗಾದ್ರೆ ತಪ್ಪು ಎಲ್ಲಿದೆ ಅಂತ ಯೋಚನೆ ಮಾಡ್ಬೇಕಾಗತ್ತೆ. ನಾನು ಯಾರ ಮೇಲೂ ಹೊರಿಸ್ತಿಲ್ಲ. ಸುಮ್ಮನೆ ತರ್ಕ. ಉಪಕರಣ ಸರಿಯಿದ್ದು ಅಂಕಿ ತಪ್ಪಿದ್ರೆ..." ಅವನು ತರ್ಕವನ್ನು ಪಟ್ಟಿ ಇಳಿಯುವವರೆಗೂ ಮುಂದುವರಿಸಿದ. 157. ಇದುವರೆಗಿನ ಎಲ್ಲಕ್ಕಿಂತ ಹೆಚ್ಚು.

ಅಕ್ಕ ಆ ಅಂಕಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ಎದ್ದುಹೋದಳು. ಹಾಳೆಯಲ್ಲಿ ಇನ್ನುಳಿದದ್ದು ಐದು ದಿನ.

ಮಾರ್ಚ್ 13, ಗುರುವಾರ, ಬೆಳಿಗ್ಗೆ ಹನ್ನೊಂದು ನಲವತ್ತು. ಮಿಲಿಗ್ರಾಂ ತೂಕದ ಕೋಣೆಯಲ್ಲಿದ್ದ. ಆ ಕೋಣೆಗೆ ಕಿಟಕಿಯಿಲ್ಲ, ಒಳಗೆ ಗಾಳಿ ಅಲುಗುವುದಿಲ್ಲ. ಕಲ್ಲುಗಳನ್ನು ಹಿಂದಿನ ದಿನವೇ ತಂದಿಟ್ಟು ಕೋಣೆಯ ಬಿಸಿಗೆ ಒಗ್ಗಿಸುತ್ತಾರೆ. ಒಂದು ಕಿಲೋದ ಕಲ್ಲನ್ನು ಉದ್ದ ಹಿಡಿಕೆಯ ಇಕ್ಕಳದಲ್ಲಿ ತಟ್ಟೆಗಿಟ್ಟು, ಗಾಜಿನ ಬಾಗಿಲು ಮುಚ್ಚಿ, ನೆಲದ ಮೇಲಿನ ಗೆರೆಯ ಆಚೆ ಸರಿದು ನಿಂತು ಕಾಯಬೇಕು. ಅವನು ಕಾಯುತ್ತಿದ್ದಾಗ ಮುಗುಳ್ನಗೆ ಮೇಡಂ ಬಾಗಿಲು ತಳ್ಳಿದರು. ಕೈಯಲ್ಲಿ ಹಳದಿ ಚೀಟಿಗಳ ಕಟ್ಟು. ಒಂದೊಂದರಲ್ಲೂ ನಗುವ ಸೂರ್ಯ.

"ಸರ್, ಒಂದೇ ಒಂದು ನಿಮಿಷ. ಎಲ್ಲ ಉಪಕರಣಗಳ ಮೇಲೂ ಇದನ್ನ ಅಂಟಿಸ್ತಿದ್ದೀವಿ. ಇದನ್ನ ನೋಡಿದಾಗೆಲ್ಲ ಒಂದು ಸಲ ದೀರ್ಘವಾಗಿ ಉಸಿರು ತಗೊಂಡು..."

ಮಿಲಿಗ್ರಾಂ ಗೆರೆ ದಾಟಿ ತಕ್ಕಡಿಗೆ ಅಡ್ಡ ನಿಂತ.

"ಮೇಡಂ, ಇದು ಒಂದು ಕಿಲೋದಲ್ಲಿ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ ತೋರಿಸೋ ತಕ್ಕಡಿ. ಇದರ ಮುಂದೆ ದೀರ್ಘವಾಗಿ ಉಸಿರು ಬಿಟ್ರೆ ಅರ್ಧ ದಿನದ ಕೆಲಸ ಹಾಳು. ಇಲ್ಲಿ ಬಂದು ಉಸಿರಾಡಿ ಅಂತ ಹೇಳಿಕೊಡೋ ನಿಮ್ಮ ಧೈರ್ಯ ಮೆಚ್ಚಬೇಕು. ನಮ್ಮ ಉಗ್ರಾಣದವನ ಸೊಂಟ ಮುರಿದಿರಿ, ಸಾಲದಾ? ಕೊಳದ ಆಳ ಕೇಳಿದ್ರೆ ಹೇಳೋಕೆ ಬರಲ್ಲ, ಲೋಟದ ಅಳತೆ ಗೊತ್ತಿಲ್ಲ, ಜನರ ಒತ್ತಡ ಇಳಿಸ್ತೀನಿ ಅಂತ ಹೊರಡ್ತೀರಿ. ನೀವು ಬಾಯಿ ತೆಗೆದ್ರೇ ನನ್ನ ಅಂಕಿ ಅಲ್ಲಾಡತ್ತೆ."

ಎರಡು ನಿಮಿಷ ಹೀಗೇ ಹರಿಯಿತು. ಮೇಡಂ ನಗು ನಿಲ್ಲಿಸಿ ಕೇಳಿಸಿಕೊಂಡರು. ನಗದೆ ಇದ್ದಾಗ ಅವರದು ದಣಿದ, ಸಾಧಾರಣ, ಬುದ್ಧಿಯಿರುವ ಮುಖ.

"ಸರ್, ನಾನು ಬಾಗಿಲಲ್ಲೇ ಇದ್ದೀನಿ. ತಕ್ಕಡಿ ಪಕ್ಕ ನಿಂತು ಮಾತಾಡ್ತಿರೋದು ನೀವು," ಎಂದು ಹೇಳಿ, ಚೀಟಿಗಳ ಕಟ್ಟಿನೊಂದಿಗೆ ಹೋದರು.

ಮಿಲಿಗ್ರಾಂ ತಿರುಗಿ ನೋಡಿದ. ಅಂಕಿ ಈಜಾಡುತ್ತಿತ್ತು. ಕೊನೆಯ ಮೂರು ಸ್ಥಾನಗಳು ಏರುತ್ತ ಇಳಿಯುತ್ತ ನಿಲ್ಲುವ ಲಕ್ಷಣವೇ ಇರಲಿಲ್ಲ. ಎದುರಿನ ಗೋಡೆಯ ಮೇಲೆ ಕಾರ್ಯವಿಧಾನದ ಹಾಳೆ. ಅದನ್ನು ಹದಿನೇಳು ವರ್ಷದ ಹಿಂದೆ ಬರೆದವನು ಅವನೇ. ಏಳನೇ ನಿಯಮ: 'ಅಳೆಯುವವರು ಒಂದೂವರೆ ಮೀಟರ್ ದೂರ ನಿಲ್ಲಬೇಕು. ಅವರ ಉಸಿರು, ಮೈಬಿಸಿ, ಮಾತು ಅಳತೆಯೊಳಗೆ ಸೇರಕೂಡದು.'

ಅವನು ಗೆರೆಯ ಆಚೆಗೆ ಹೋಗಿ ನಿಂತ. ಅಂಕಿ ನಿಲ್ಲಲು ಹನ್ನೊಂದು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಅವನು ತಕ್ಕಡಿಯನ್ನು ನೋಡುತ್ತಿದ್ದ, ಆದರೆ ಕಣ್ಣ ಮುಂದೆ ಇದ್ದದ್ದು ಊಟದ ಮೇಜು, ನಾಲ್ಕು ಮಡಿಕೆಯ ಟವೆಲು, ಚಾವಣಿ ನೋಡುವ ಅಕ್ಕ. ಮಷೀನನ್ನು ಅನುಮಾನಿಸಿದ್ದ. ಪಟ್ಟಿಯ ಅಗಲವನ್ನು, ಲೋಟವನ್ನು, ಚಿಟಿಕೆಯನ್ನು, ಕೊನೆಗೆ ಅಕ್ಕನ ಸತ್ಯವನ್ನೇ ಅನುಮಾನಿಸಿದ್ದ. ಅನುಮಾನಿಸದೆ ಬಿಟ್ಟ ಉಪಕರಣ ಒಂದೇ, ತೊಂಬತ್ತೆಂಟು ಕಿಲೋದ್ದು.

ಆ ಸಂಜೆ ಆರೂವರೆಗೆ ಅಕ್ಕನ ಕೋಣೆಯ ಬಾಗಿಲು ತಟ್ಟಿದ.

"ಅಕ್ಕ, ಅರ್ಧ ಗಂಟೆ ಬೇಕು. ನಾಲ್ಕು ಸಲ ಅಳೀಬೇಕು."

ಎರಡು ದಿನದ ಮೌನ ಮುರಿದು ಅಕ್ಕ ಕೇಳಿದಳು, "ಯಾಕೆ, ಒಂದು ಸಲಕ್ಕೆ ಸುಳ್ಳು ಹಿಡಿಯೋಕಾಗ್ಲಿಲ್ವಾ?"

"ಹಿಡಿದೆ. ಅದಕ್ಕೇ ನಾಲ್ಕು ಸಲ."

ಕಲ್ಲು ತೂಗುವಾಗ ಅವರದೊಂದು ಕ್ರಮವಿದೆ. ಮೊದಲು ಖಾತರಿಯ ಕಲ್ಲು, ಆಮೇಲೆ ಗ್ರಾಹಕರದ್ದು, ಮತ್ತೊಮ್ಮೆ ಗ್ರಾಹಕರದ್ದು, ಕೊನೆಗೆ ಮತ್ತೆ ಖಾತರಿಯದ್ದು. ನಡುವೆ ತಕ್ಕಡಿ ತಾನಾಗಿ ಜಾರಿದ್ದರೆ ಆ ಜಾರು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಅದೇ ಕ್ರಮ ಇಲ್ಲೂ: ಮೌನ, ಮಾತು, ಮಾತು, ಮೌನ. ಪ್ರತಿ ಸಲಕ್ಕೂ ಮೊದಲು ಐದು ನಿಮಿಷ ವಿಶ್ರಾಂತಿ.

ಮೊದಲನೆಯದಕ್ಕೆ ಅವನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅಕ್ಕನೇ ಗುಂಡಿ ಒತ್ತಿದಳು. 133.

ಎರಡನೆಯದಕ್ಕೆ ಎಂದಿನಂತೆ ಪಕ್ಕದಲ್ಲಿ ನಿಂತ. "ಈಗ ನಾನು ಮಾತಾಡ್ಬೇಕು. ಏನು ಮಾತಾಡ್ಲಿ?"

"ದಿನಾ ಆಡೋದೇ. ಅದಕ್ಕೇನು ತಯಾರಿ ಬೇಕಾ ನಿನಗೆ?"

ಬೇಕಾಗಲಿಲ್ಲ. ಬೆಳಗಿನ ಚೀಟಿಗಳ ಕಥೆ ಶುರು ಮಾಡಿದ, ಕೊಳಕ್ಕೆ ಹೋದ, ಅಲ್ಲಿಂದ ಅಕ್ಕನ ನಡಿಗೆಗೆ ಬಂದ. ಆಡುತ್ತ ಆಡುತ್ತ ಮೊದಲ ಸಲ ಅವಳ ಮುಖ ನೋಡಿದ. ದವಡೆಯ ಮೂಳೆ ಬಿಗಿದಿತ್ತು. ಕತ್ತಿನಲ್ಲೊಂದು ನರ ಎದ್ದಿತ್ತು. ಅದು ದಿನಾ ಏಳುತ್ತಿತ್ತೋ ಏನೋ. ಅವನು ದಿನಾ ನೋಡಿದ್ದು ಮಷೀನನ್ನು. 151. ಮೂರನೆಯ ಸಲ ಮಾತು ಮುಂದುವರಿಸಲು ನಾಲಿಗೆ ಒಲ್ಲೆ ಅಂದಿತು, ಆದರೂ ಪ್ರಯೋಗ ಪ್ರಯೋಗವೇ ಅಂತ ಮುಗಿಸಿದ. 153. ನಾಲ್ಕನೆಯದಕ್ಕೆ ಮತ್ತೆ ಗೋಡೆ. 131.

ಅವನು ಲೆಕ್ಕ ಹಾಕಿದ. ಮಾತಿದ್ದಾಗ 152, ಇಲ್ಲದಾಗ 132. ವ್ಯತ್ಯಾಸ ಇಪ್ಪತ್ತು.

"ಹಾಗಾದ್ರೆ ಅಕ್ಕ, ಹಳೆಯ ಎಂಟು ಅಂಕಿಗಳಿಂದಲೂ ಇಪ್ಪತ್ತಿಪ್ಪತ್ತು ಕಳೆದು..."

"ಕಳೆದು ಬರೆದ್ರೆ ಅದಕ್ಕೆ ಏನಂತಾರೋ ನಿಮ್ಮಲ್ಲಿ?"

ಅವನು ಪೆನ್ನು ಇಟ್ಟ. ಏನಂತಾರೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಬರೆದ ಇಬ್ಬರನ್ನು ಅವನೇ ಕೆಲಸದಿಂದ ತೆಗೆಸಿದ್ದ.

"ಮೊನ್ನೆ ನಿನ್ನ ಮೇಲೆ ಅನುಮಾನ ಪಟ್ಟೆ," ಎಂದ.

"ಪಟ್ಟೆ."

"ಅದು ತಪ್ಪು."

"ಎಷ್ಟು ತಪ್ಪು ಅಂತ ಅಳೀಬೇಡ ಈಗ. ಸೂಪು ಆರ್ತಿದೆ, ಬಾ."

ಮಿಕ್ಕ ನಾಲ್ಕು ದಿನ ಅವನು ಗೋಡೆ ನೋಡಿದ. ಮಾರ್ಚ್ 18ರಂದು ಅಕ್ಕನ ಜೊತೆ ಹಾಳೆ ಹಿಡಿದು ಹೋದಾಗ ಅದರಲ್ಲಿ ಎಂಟು ಅಂಕಿಗಳ ಮೇಲೆ ಕೆಂಪು ಗೆರೆ ಇತ್ತು. ಡಾಕ್ಟರಮ್ಮ ಕನ್ನಡಕ ತಲೆಗೇರಿಸಿದರು.

"ಎಲ್ಲರೂ ಜಾಸ್ತಿ ಬಂದಿದ್ದನ್ನೇ ಹೊಡೆದು ಹಾಕ್ತಾರೆ. ಕಡಿಮೆ ಬಂದಿದ್ದನ್ನ ಹೊಡೆದವರನ್ನ ನಾನಿನ್ನೂ ನೋಡಿಲ್ಲ. ಏನು ಕಾರಣ?"

"ಕೆಳಗೆ ಬರೆದಿದ್ದೀನಿ."

"ಅಕ್ಷರ ಚಿಕ್ಕದು. ಓದಿ ಹೇಳಿ."

ಮಿಲಿಗ್ರಾಂ ಹಾಳೆ ಕೈಗೆತ್ತಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವನು ಬೇರೆಯವರ ಪ್ರಮಾಣಪತ್ರ ರದ್ದು ಮಾಡಿದ್ದುಂಟು, ತನ್ನದನ್ನು ಇಲ್ಲ. ನರ್ಸು ಹತ್ತಿ ಮಡಿಸುವುದನ್ನು ನಿಲ್ಲಿಸಿದಳು.

"'ಈ ಎಂಟು ಅಳತೆಗಳ ವೇಳೆ ಅಳೆದವನು ಪಕ್ಕದಲ್ಲಿ ನಿಂತು ಹೀಯಾಳಿಸಿ ಮಾತಾಡುತ್ತಿದ್ದನು. ಅಳೆಸಿಕೊಳ್ಳುತ್ತಿದ್ದವರಿಗೆ ಉತ್ತರ ಕೊಡಲು ಅವನೇ ಅವಕಾಶ ಕೊಟ್ಟಿರಲಿಲ್ಲ. ದೋಷ ಅಳೆದವನದು.'"

ಡಾಕ್ಟರಮ್ಮ ಅಕ್ಕನ ಕಡೆ ನೋಡಿದರು. ಅಕ್ಕ ಕಿಟಕಿಯಾಚೆ, ನಿಂತೇ ಇದ್ದ ತನ್ನ ಕ್ರೇನಿನ ಕಡೆ ನೋಡುತ್ತಿದ್ದಳು.

"ಹೋದ ಸಲ ಇಲ್ಲಿ ಅಳೆದಾಗಲೂ ನೀವೇ ಮಾತಾಡ್ತಿದ್ರಿ, ಅಲ್ವಾ?"

"ಹೌದು."

"ನಮ್ಮ ಮಷೀನಿನ ತಾರೀಕಿನ ಬಗ್ಗೆ."

"ಹತ್ತೊಂಬತ್ತು ದಿನ ಮೀರಿತ್ತು. ಅದು ಮಾತ್ರ ನಿಜ."

"ಮೊನ್ನೆ ಸರಿಮಾಡಿಸಿದ್ದೀವಿ. ಹೊಡೆದು ಹಾಕಿದ ಹಾಳೆಯಿಂದ ನಾನು ಯಾರನ್ನೂ ಮೇಲೆ ಕಳಿಸಲ್ಲ. ಈಗ ಇಲ್ಲೇ ಮೂರು ಸಲ ಅಳೀತೀವಿ, ನಿಯಮದಲ್ಲಿ ಅದಕ್ಕೂ ದಾರಿಯಿದೆ. ನೀವು ಹೊರಗೆ ಕೂತ್ಕೊಳ್ಳಿ. ಬಾಗಿಲು ಹಾಕ್ಕೊಂಡು ಹೋಗಿ."

ಹೊರಗಿನ ಬೆಂಚಿನ ಎದುರಿಗೇ ನಗುವ ಸೂರ್ಯ. ಮಿಲಿಗ್ರಾಂ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಉಪ್ಪಿಗೆ ಒಂದು ಸಾಲಿತ್ತು, ನೀರಿಗೆ ಒಂದು, ನಿದ್ದೆಗೆ ಒಂದು. ಮನೆಯಲ್ಲಿರುವ ತಮ್ಮನಿಗೆ ಯಾವ ಸಾಲೂ ಇರಲಿಲ್ಲ. ಎಂಥ ಅರೆಬರೆ ಕೆಲಸ ಇವರದು, ಎಂದುಕೊಂಡ. ಹದಿನೇಳು ದಿನ ಉಸಿರಾಡಿದ್ದರಿಂದ, ನಡೆದಿದ್ದರಿಂದ ಅಕ್ಕನ ಒತ್ತಡ ಒಂದು ಅಂಕಿಯೂ ಇಳಿದಿಲ್ಲ; ಇದನ್ನು ಸಾಧಿಸಿ ತೋರಿಸಲು ಈಗ ಅವನ ಬಳಿ ದಾಖಲೆಯೂ ಇರಲಿಲ್ಲ, ಎಂಟು ಅಂಕಿಗಳನ್ನು ತಾನೇ ಹೊಡೆದುಹಾಕಿದ್ದ. ತನ್ನಲ್ಲಿ ಆದದ್ದನ್ನು ಬದಲಾವಣೆ ಅಂತ ಕರೆಯಲು ಅವನು ತಯಾರಿರಲಿಲ್ಲ. ಅದು ತಿದ್ದುಪಡಿ. ಬೇರೆ ಖಾನೆ.

ಒಳಗಿನಿಂದ ಏನೂ ಕೇಳಿಸಲಿಲ್ಲ. ಇಪ್ಪತ್ತೆರಡು ನಿಮಿಷ. ಗಡಿಯಾರ ನೋಡಿ ಒಂದೊಂದನ್ನೂ ಎಣಿಸಿದ. ಬಾಗಿಲು ತೆರೆದು ಅಕ್ಕ ಬಂದಳು. ಚೀಟಿಯನ್ನು ಅವನ ಅಂಗೈಯಲ್ಲಿಟ್ಟಳು. 138, 134, 133. ಕೆಳಗೆ ಡಾಕ್ಟರಮ್ಮನ ಸಹಿ. 'ಮೇಲೆ ಹತ್ತಬಹುದು. ಮೂರು ತಿಂಗಳು ದಿನವೂ ಅಳೆದು ತೋರಿಸುವುದು.'

"ಮೊದಲನೇದು ಯಾಕೆ ನೂರ ಮೂವತ್ತೆಂಟು?" ಎಂದ.

"ಬಾಗಿಲಾಚೆ ನೀನಿದ್ದೀಯ ಅಂತ ಗೊತ್ತಿತ್ತಲ್ಲ," ಎಂದಳು ಅಕ್ಕ. ಚೀಟಿ ವಾಪಸ್ ಕಿತ್ತುಕೊಂಡು ಏಣಿಯ ಕಡೆ ಹೊರಟಳು. ಮಧ್ಯಾಹ್ನದ ಪಾಳಿ ಶುರುವಾಗಲು ಹನ್ನೆರಡು ನಿಮಿಷವಿತ್ತು. ಅವಳು ತಿರುಗಿ ನೋಡಲಿಲ್ಲ. ಅವನು ಮೇಲೆ ನೋಡುತ್ತ ನಿಂತ, ಕ್ಯಾಬಿನ್ನಿನ ಗಾಜಿನೊಳಗೆ ಬೆರಳುದ್ದದ ಒಂದು ಆಕೃತಿ ಕೂರುವವರೆಗೆ.

ಮಾರನೇ ದಿನ ಸಂಜೆ ಮಿಲಿಗ್ರಾಂ ಹೊಸ ಹಾಳೆಗೆ ಗೆರೆ ಹಾಕಿದ. ತಾರೀಕು, ಹೊತ್ತು, ಮೇಲಿನ ಅಂಕಿ, ಕೆಳಗಿನ ಅಂಕಿ. ಕೊನೆಗೆ ಹೊಸದೊಂದು ಕಲಮು: ಅಳೆದವನ ದೂರ. ಒಂದೂವರೆ ಮೀಟರ್ ತಕ್ಕಡಿಗೆ ಸಾಕು, ಅಕ್ಕನಿಗೆ ಸಾಲದು ಅಂತ ಟೇಪು ಹಿಡಿದು ಅಡುಗೆಮನೆಯ ಬಾಗಿಲವರೆಗೂ ಅಳೆದ. ನಾಲಿಗೆಯ ಮೇಲೆ ಅವನಿಗೆ ಭರವಸೆಯಿರಲಿಲ್ಲ. ಆದ್ದರಿಂದ ನೂರ ಎಂಬತ್ತರ ಲೋಟದಿಂದ ಒಂದು ಗುಕ್ಕು ನೀರು ಬಾಯಲ್ಲಿ ತುಂಬಿಕೊಂಡು, ಕೆನ್ನೆ ಉಬ್ಬಿಸಿ ಬಾಗಿಲಲ್ಲಿ ನಿಂತ. ಅಕ್ಕ ಅವನ ಮುಖ ನೋಡಿ ನಕ್ಕಳು. ನಗು ನಿಲ್ಲುವವರೆಗೂ ಕಾಯಬೇಕಾಗಿ ಬಂದು ಹೊತ್ತು ತಪ್ಪಿತು. ಏಳು ಗಂಟೆ ಒಂಬತ್ತು ನಿಮಿಷಕ್ಕೆ ಅವಳು ಗುಂಡಿ ಒತ್ತಿದಳು.

ಮೇಲಿನ ಅಂಕಿ 130. ಕೆಳಗಿನದು 81. ಅಳೆದವನ ದೂರ 3.40 ಮೀಟರ್.